ಅರ್ಧ ಅಂಕ ಕೈಯಲ್ಲಿಟ್ಟುಕೊಂಡ ನಮ್ಮತ್ತೆ

ನಮ್ಮತ್ತೆ ದೇವರಿಗೂ ಹತ್ತಕ್ಕೆ ಹತ್ತು ಕೊಟ್ಟವರಲ್ಲ. ನಂಬಿಕೆ ಬರದಿದ್ದರೆ ಮಲೇಷ್ಯಾದ ಪೆಟಾಲಿಂಗ್ ಜಯಾದಲ್ಲಿ ನಾವಿರುವ ಕಾಂಡೊ ಕಟ್ಟಡದ ಹಿಂದಿನ ಗಣಪತಿ ಗುಡಿಗೆ ಹೋಗಿ ಕೇಳಿ. ಅಲ್ಲಿನ ತಮಿಳು ಪೂಜಾರಿಗಳು ಬೆಳಗಿನಿಂದ ಕೂತು ಬೆಣ್ಣೆ ಅಲಂಕಾರ ಮಾಡಿ, ಪರದೆ ಸರಿಸಿ, ಜನವೆಲ್ಲ ಕಣ್ಣುಮುಚ್ಚಿ ಕೈಮುಗಿದಾಗ, ಅತ್ತೆ ಮಾತ್ರ ಕಣ್ಣು ತೆರೆದು, ತಲೆಯನ್ನು ಒಂದಿಷ್ಟು ಓರೆ ಮಾಡಿ, "ಒಂಬತ್ತೂವರೆ" ಅಂದರು. ಪೂಜಾರಿಗಳಿಗೆ ಕನ್ನಡ ಬಾರದಿದ್ದದ್ದು ನನ್ನ ಪುಣ್ಯ. ಯಾವುದೋ ಸ್ತೋತ್ರವೆಂದು ತಿಳಿದು ಎರಡು ಬಾಳೆಹಣ್ಣು ಹೆಚ್ಚಿಗೆ ಕೊಟ್ಟರು.

"ಆ ಅರ್ಧ ಅಂಕ ಯಾಕೆ ಹಿಡ್ಕೊಂಡ್ರಿ ಅತ್ತೆ?" ಎಂದು ಹೊರಗೆ ಬಂದು ಕೇಳಿದೆ.

"ಪೂರ್ತಿ ಕೊಟ್ಟುಬಿಟ್ರೆ ನಾಳೆ ಬರೋಕೆ ಕಾರಣ ಏನಿರತ್ತೆ?" ಅಂದರು. ಅವರು ಬರಬೇಕೋ ದೇವರು ಬರಬೇಕೋ ಎಂದು ಕೇಳುವ ಧೈರ್ಯ ನನಗಾಗಲಿಲ್ಲ.

ಮೈಸೂರಿನ ಹೆಣ್ಣುಮಕ್ಕಳ ಹೈಸ್ಕೂಲೊಂದರಲ್ಲಿ ಮೂವತ್ತು ವರ್ಷ ಇಂಗ್ಲಿಷ್ ವ್ಯಾಕರಣ ಹೇಳಿಕೊಟ್ಟು ನಿವೃತ್ತರಾದವರು ಅವರು. ಶಾಲೆ ಅವರನ್ನು ಬಿಟ್ಟರೂ ಕೆಂಪು ಪೆನ್ನು ಬಿಡಲಿಲ್ಲ. ನನ್ನ ಸಾರಿಗೆ ಏಳು, ಪಲ್ಯಕ್ಕೆ ಎಂಟು, ನಮ್ಮ ಮನೆಯವರು ಆಫೀಸಿಗೆ ಬರೆಯುವ ಇಮೇಲ್‌ಗಳಿಗೆ ಐದರ ಮೇಲೆ ಎಂದೂ ಇಲ್ಲ. ನೆಂಟರಿಷ್ಟರ ವಾಟ್ಸಾಪ್ ಸ್ಟೇಟಸ್‌ಗಳನ್ನು ಅವರು ನೋಡುತ್ತಿದ್ದದ್ದು ಸುದ್ದಿಗಲ್ಲ, ತಪ್ಪು ಹುಡುಕುವುದಕ್ಕೆ. ಮೈಸೂರಿನಲ್ಲಿ ಅವರ ಅಕ್ಕನ ಪಕ್ಕದ ಮನೆಯಾಕೆ ದಿನಕ್ಕೆ ನಾಲ್ಕು ಸ್ಟೇಟಸ್ ಹಾಕುವವಳು. ಅತ್ತೆ ನಾಲ್ಕನ್ನೂ ತಿದ್ದಿ ಅವಳಿಗೇ ವಾಪಸು ಕಳಿಸುತ್ತಿದ್ದರು. ಪಾಪ, ಅವಳು ಪ್ರತಿಸಲವೂ ಒಂದು ಗುಲಾಬಿ ಹೂವಿನ ಚಿತ್ರ ಕಳಿಸಿ ಸುಮ್ಮನಾಗುತ್ತಿದ್ದಳು.

ಒಂದು ತಿಂಗಳಿಗೆಂದು ನಮ್ಮ ಮನೆಗೆ ಬಂದವರು. ಬಂದು ಮೂರು ವಾರಕ್ಕೆ ಕೊರೊನಾ ಎಂದು ಮಲೇಷ್ಯಾ ಬಾಗಿಲು ಹಾಕಿಕೊಂಡಿತು. ವಿಮಾನ ನಿಂತಿತು, ಕೆಳಗಿನ ತಮಿಳು ಮುಸ್ಲಿಮರ ಮಾಮಾಕ್ ಹೋಟೆಲಿನ ಕುರ್ಚಿಗಳು ಒಂದರ ಮೇಲೊಂದು ಹತ್ತಿ ಕೂತವು, ರೊಟ್ಟಿಯೂ ಟೀಯೂ ಬರೀ ಪೊಟ್ಟಣದಲ್ಲಿ ಕಟ್ಟಿಸಿಕೊಳ್ಳುವ 'ತಪಾವ್' ಆಯಿತು. ಎದುರಿನ ರೈಲು ಮಾತ್ರ ಒಬ್ಬ ಮನುಷ್ಯನೂ ಇಲ್ಲದೆ, ಹೊತ್ತಿಗೆ ಸರಿಯಾಗಿ, ದೀಪ ಹಾಕಿಕೊಂಡು ಓಡುತ್ತಿತ್ತು. "ಶಿಸ್ತು ಅಂದ್ರೆ ಅದು" ಎಂದು ಅತ್ತೆ ಅದಕ್ಕೆ ಒಂಬತ್ತು ಕೊಟ್ಟರು. ತಮ್ಮ ಸೂಟ್‌ಕೇಸನ್ನು ಬಾಗಿಲ ಪಕ್ಕದಿಂದ ತೆಗೆಯಲು ಮಾತ್ರ ಬಿಡಲಿಲ್ಲ. "ವಿಮಾನ ಬಿಟ್ಟ ದಿನ ಹೊರಡೋದೇ. ಅಕ್ಕ ಕಾಯ್ತಿರ್ತಾಳೆ."

ಅಕ್ಕ ಎಂದರೆ ಅತ್ತೆಯ ಒಬ್ಬಳೇ ಅಕ್ಕ. ಸಂಬಂಧದಲ್ಲಿ ನನಗೆ ದೊಡ್ಡತ್ತೆ. ಆದರೆ ಮನೆಯಲ್ಲಿ ಚಿಕ್ಕವರು ದೊಡ್ಡವರು ಎಲ್ಲರೂ ಅಕ್ಕ ಎಂದೇ ಕರೆಯುವುದು. ತಾಯಿ ತೀರಿಕೊಂಡಾಗ ನಾಲ್ಕನೆಯ ಕ್ಲಾಸಿಗೆ ಶಾಲೆ ಬಿಟ್ಟು, ಒಲೆ ಮುಂದೆ ಕೂತು, ತಂಗಿಯನ್ನು ಬಿ.ಎ.ವರೆಗೆ ಓದಿಸಿದವಳು. ಅವಳಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ತಂಗಿಗೆ ಬರುತ್ತದೆ ಎನ್ನುವುದೇ ಅವಳಿಗೆ ಸಾಕಾಗಿತ್ತು.

ಈಗ ಕತೆ ಲಿಫ್ಟಿನೊಳಕ್ಕೆ ಹೋಗಬೇಕು. ಬಾಲ್ಕನಿಯಿಂದ ಕಸ ಎಸೆಯಬೇಡಿ ಎಂದು ಕಾಂಡೊ ಆಫೀಸಿನವರು ಲಿಫ್ಟಿನಲ್ಲಿ ಇಂಗ್ಲಿಷಿನ ನೋಟಿಸ್ ಅಂಟಿಸಿದ್ದರು. ಏಳನೆಯ ಮಹಡಿಯಿಂದ ಕೆಳಗಿಳಿಯುವಷ್ಟರಲ್ಲಿ ಅತ್ತೆ ಅದರಲ್ಲಿ ಆರು ತಪ್ಪುಗಳಿಗೆ ಸುತ್ತು ಹಾಕಿ, ಮೂಲೆಯಲ್ಲಿ ಹತ್ತಕ್ಕೆ ನಾಲ್ಕು ಎಂದು ಬರೆದು, ಕೆಳಗೆ 'ನನ್ನನ್ನು ಬಂದು ಕಾಣುವುದು' ಎಂದು ಇಂಗ್ಲಿಷಿನಲ್ಲಿ ಸೇರಿಸಿ, ಸಹಿ ಹಾಕಿ, ನಮ್ಮ ಮನೆ ನಂಬರನ್ನೂ ಕೊಟ್ಟರು. ನಾನು ಮಾಸ್ಕಿನೊಳಗೇ ನಾಲಗೆ ಕಚ್ಚಿಕೊಂಡೆ. ನಾನು ಕಾನ್ವೆಂಟಿನಲ್ಲಿ ಓದಿದವಳು. ಗೋಡೆಯ ಮೇಲೆ ಬರೆಯಬಾರದು, ಸುಳ್ಳು ಹೇಳಬಾರದು, ಹೇಳಿದರೆ ಕಿವಿ ಕೆಂಪಾಗುತ್ತದೆ ಎಂದು ಸಿಸ್ಟರ್‌ಗಳು ಹೇಳಿದ್ದನ್ನು ಅಕ್ಷರಶಃ ನಂಬಿದ್ದವಳು. ನನ್ನ ಕಿವಿ ಈಗಲೂ ಕೆಂಪಾಗುತ್ತದೆ.

ಆಫೀಸಿನ ಹುಡುಗಿ ಬಂದೇ ಬಂದಳು. "ಆಂಟಿ, ನೋಟಿಸ್ ಮೇಲೆ ಬರೆಯೋ ಹಾಗಿಲ್ಲ ಲಾ" ಅಂದಳು, ಇಲ್ಲಿಯವರು ಎಲ್ಲ ಮಾತಿನ ಬಾಲಕ್ಕೂ ಅಂಟಿಸುವ 'ಲಾ' ಸೇರಿಸಿ.

"ತಪ್ಪಿರೋ ನೋಟಿಸ್ ಅಂಟಿಸೋ ಹಾಗೂ ಇಲ್ಲ" ಅಂದರು ಅತ್ತೆ, ಶುದ್ಧ ಇಂಗ್ಲಿಷಿನಲ್ಲಿ. ಮುಂದಿನ ವಾರದಿಂದ ಆ ಹುಡುಗಿ ಪ್ರತಿ ನೋಟಿಸನ್ನೂ ಅಂಟಿಸುವ ಮೊದಲು ಅತ್ತೆಗೆ ವಾಟ್ಸಾಪ್ ಮಾಡತೊಡಗಿದಳು.

ಬಂದ ಎರಡನೆಯವಳು ಗುಲ್ನಾರಾ. ಒಂಬತ್ತನೆಯ ಮಹಡಿಯ ಕಜಾಕಿಸ್ತಾನದ ಹೆಂಗಸು. ಗಂಡನಿಗೆ ಕ್ಲಾಂಗ್ ಬಂದರಿನ ಹಡಗು ಕಂಪನಿಯೊಂದರಲ್ಲಿ ಕೆಲಸ. ಆಕೆ ತನ್ನೂರಿನ ಕಾಲೇಜಿನಲ್ಲಿ ಪರಿಸರ ವಿಜ್ಞಾನದ ಲೆಕ್ಚರರ್. ಗಂಡನನ್ನು ನೋಡಲು ಬಂದು, ನಮ್ಮತ್ತೆಯ ಹಾಗೆಯೇ ಸಿಕ್ಕಿಬಿದ್ದು, ಇಲ್ಲಿಂದಲೇ ಲ್ಯಾಪ್‌ಟಾಪಿನಲ್ಲಿ ಪಾಠ ಮಾಡುತ್ತಿದ್ದಳು. ಬಾಗಿಲಲ್ಲಿ ಎರಡು ಮೀಟರ್ ದೂರ ನಿಂತು, "ಲಿಫ್ಟಿನಲ್ಲಿ ಅಂಕ ಕೊಡುವವರು ಯಾರು?" ಎಂದು ಕೇಳಿದಳು. ದೂರು ಹೇಳಲು ಬಂದಳೆಂದು ನಾನು ಹೆದರಿ ಅತ್ತೆಯನ್ನು ತೋರಿಸಿದೆ.

ಅವಳಿಗೆ ಹನ್ನೊಂದು ಜನ ವಿದ್ಯಾರ್ಥಿಗಳಂತೆ. ಮಣ್ಣು, ನೀರು, ಹೊಗೆ ಎಲ್ಲದರ ಬಗ್ಗೆಯೂ ರಷ್ಯನ್ನಿನಲ್ಲಿ ಗಂಟೆಗಟ್ಟಲೆ ಮಾತಾಡುತ್ತಾರಂತೆ, ಇಂಗ್ಲಿಷ್ ಎಂದರೆ ಬಾಯಿ ಹೊಲಿದುಕೊಳ್ಳುತ್ತಾರಂತೆ. ವಸಂತಕ್ಕೆ ಇಂಗ್ಲಿಷಿನ ಮೌಖಿಕ ಪರೀಕ್ಷೆ. ಪಾಸಾದವರಿಗೆ ಆರು ತಿಂಗಳು ಹೊರದೇಶದಲ್ಲಿ ಓದುವ ಅವಕಾಶ. "ವ್ಯಾಕರಣ ಅಭ್ಯಾಸ ಮಾಡಿಸುತ್ತೀರಾ?" ಎಂದು ಕೇಳಿದಳು. ಅತ್ತೆ ಒಳಗೆ ಹೋಗಿ ಇಸ್ತ್ರಿ ಮಾಡಿದ ಸೀರೆ ಉಟ್ಟುಕೊಂಡು ಬಂದರು.

ಹೀಗೆ ದಿನಾ ಸಂಜೆ ನಾಲ್ಕಕ್ಕೆ ನಮ್ಮ ಊಟದ ಮೇಜು ಶಾಲೆಯಾಯಿತು. ಅಕ್ಕಿ ಡಬ್ಬದ ಮೇಲೆ ಲ್ಯಾಪ್‌ಟಾಪ್, ಅದರ ಪಕ್ಕದಲ್ಲಿ ಉದ್ದನೆಯ ಹಾಜರಿ ಪುಸ್ತಕ. ಜವಾನನ ಕೆಲಸ ನನ್ನದು.

ಮೊದಲ ದಿನ ಅತ್ತೆ ಹೆಸರು ಕರೆದರು. ತಿಮುರ್ ಎಂಬವನು "ಹಾಯ್" ಅಂದ.

"ಎದ್ದು ನಿಂತು ಉತ್ತರ ಹೇಳು."

ಅವನು ಎದ್ದು ನಿಂತ. ಎದ್ದವನ ಮುಖ ಪರದೆಯಿಂದ ಮೇಲಕ್ಕೆ ಹೋಗಿ ಹೊಟ್ಟೆ ಮಾತ್ರ ಉಳಿಯಿತು. ಅತ್ತೆ ಕದಲಲಿಲ್ಲ. ಹೊಟ್ಟೆಯನ್ನೇ ಪ್ರಶ್ನೆ ಕೇಳಿದರು, ಹೊಟ್ಟೆ ಉತ್ತರ ಹೇಳಿತು, "ಕೂತ್ಕೋ" ಅಂದ ಮೇಲೆ ಮುಖ ವಾಪಸು ಬಂತು. ವಾರ ಕಳೆಯುವಷ್ಟರಲ್ಲಿ ಹನ್ನೊಂದು ಜನರ ಸ್ವೆಟರುಗಳೂ ನನಗೆ ಕಂಠಪಾಠವಾಗಿದ್ದವು. ಜಿಂಕೆಯ ಚಿತ್ರವಿದ್ದದ್ದು ಆಲ್ಯಾಳದು. ಕೆಳಗಿನ ಗುಂಡಿ ಕಿತ್ತುಹೋದದ್ದು ತಿಮುರನದು. ಆ ಗುಂಡಿಯನ್ನು ಅತ್ತೆ ಎರಡು ದಿನ ಸಹಿಸಿ, ಮೂರನೆಯ ದಿನ ಅವನಿಂದ ಪರದೆಯ ಮುಂದೆಯೇ ಹೊಲಿಸಿದರು. ಹೊಲಿಯುತ್ತಾ ಅವನು ಏನು ಮಾಡುತ್ತಿದ್ದೇನೆ ಎಂದು ಇಂಗ್ಲಿಷಿನಲ್ಲಿ ಹೇಳುತ್ತಲೇ ಇರಬೇಕಿತ್ತು. ವರ್ತಮಾನ ಕಾಲ ಅವನಿಗೆ ಇನ್ನು ಈ ಜನ್ಮದಲ್ಲಿ ಮರೆಯುವುದಿಲ್ಲ.

ರಷ್ಯನ್ ಮಾತಾಡುವವರಿಗೆ ಇಂಗ್ಲಿಷಿನ 'ಎ', 'ದಿ'ಗಳು ಕಂಡರಾಗುವುದಿಲ್ಲ. ಅವರ ಭಾಷೆಯಲ್ಲಿ ಅವು ಇಲ್ಲವೇ ಇಲ್ಲವಂತೆ. "ಇಲ್ಲದ್ದನ್ನು ಎಲ್ಲಿಂದ ತರೋಣ?" ಎಂದು ಆಲ್ಯಾ ಅಳುಮುಖ ಮಾಡಿದಾಗ ಅತ್ತೆ ಮೊದಲ ಬಾರಿ ನಕ್ಕರು. "ನಮ್ಮ ಕನ್ನಡದಲ್ಲೂ ಇಲ್ಲ ಕಣಮ್ಮ. ನಾನು ತರಲಿಲ್ಲವಾ?" ಅಂದಿನಿಂದ ಮಕ್ಕಳು ಅವರನ್ನು ತಮ್ಮವರೆಂದೇ ಲೆಕ್ಕ ಹಾಕಿದರು.

ಆದರೆ ಅತ್ತೆಯ ನಿಜವಾದ ಹುಚ್ಚು ಬೇರೆ. ಪುಸ್ತಕದ ವಾಕ್ಯಗಳು ಅವರಿಗೆ ಆಗುತ್ತಿರಲಿಲ್ಲ. "ಚಾಪೆ ಮೇಲೆ ಬೆಕ್ಕು ಕೂತಿದೆ ಅಂತೀಯಲ್ಲ, ನೋಡಿದ್ಯಾ? ಬೆಕ್ಕು ಸಾಕಿದ್ಯಾ? ಇಲ್ವಾ? ಹಾಗಾದ್ರೆ ಸುಳ್ಳು." ವಾಕ್ಯ ಹೇಳುವ ಮುಂಚೆ ಪ್ರತಿಯೊಬ್ಬರೂ ಕಿಟಕಿಯ ಹತ್ತಿರ ಹೋಗಬೇಕು, ಹೊರಗೆ ನೋಡಬೇಕು, ಬಂದು ಕಂಡದ್ದನ್ನು ಮಾತ್ರ ಹೇಳಬೇಕು. ಸುಳ್ಳು ವಾಕ್ಯ ಎಷ್ಟೇ ಸರಿಯಾಗಿದ್ದರೂ ಸೊನ್ನೆ.

ಪರಿಸರ ವಿಜ್ಞಾನದ ಮಕ್ಕಳಿಗೆ ಇದಕ್ಕಿಂತ ಬೇಕೆ? ನಮ್ಮ ಮೇಜಿನ ಮೇಲೆ ದಿನವೂ ಕಜಾಕಿಸ್ತಾನದ ಹವಾಮಾನ ಸುರಿಯತೊಡಗಿತು. ಇಂದು ನಮ್ಮ ಹಿಮ ಬೂದು ಬಣ್ಣಕ್ಕಿದೆ, ಕಲ್ಲಿದ್ದಲಿನ ಹೊಗೆ ಕೂತಿದೆ. ನದಿಯ ಮೇಲೆ ಒಬ್ಬ ಮುದುಕ ಹಿಮಗಡ್ಡೆ ಕೊರೆದು ಮೀನು ಹಿಡಿಯುತ್ತಿದ್ದಾನೆ. ಆಲ್ಯಾ ಒಂದು ಗಾಜಿನ ಲೋಟದಲ್ಲಿ ಹಿಮ ತುಂಬಿಟ್ಟು, ಕರಗಿದ ಮೇಲೆ ತಳದಲ್ಲಿ ಉಳಿದ ಕಪ್ಪನ್ನು ಕ್ಯಾಮೆರಾಗೆ ಹಿಡಿದು ತೋರಿಸಿದಳು. ಅತ್ತೆ ಎದ್ದು ನಮ್ಮ ಕಿಟಕಿಯಲ್ಲಿ ಇಣುಕಿ, "ಇಲ್ಲಿ ಮೋರಿಯಲ್ಲಿ ಒಂದು ಉಡ ಈಜುತ್ತಿದೆ" ಅಂದರು. ಉಡ ಎಂದರೇನೆಂದು ಅರ್ಥವಾದಾಗ ಹನ್ನೊಂದು ಜನರೂ ಹೇಳಿಸಿಕೊಳ್ಳದೆಯೇ ಎದ್ದು ನಿಂತರು. ನಾನು ಲ್ಯಾಪ್‌ಟಾಪನ್ನು ಕಿಟಕಿಗೆ ಹಿಡಿದುಕೊಂಡು ನಿಲ್ಲಬೇಕಾಯಿತು. ಉಡಕ್ಕೆ ಅತ್ತೆ ಎಂಟೂವರೆ ಕೊಟ್ಟರು.

ಇದನ್ನೆಲ್ಲ ಫೋನಿನಲ್ಲಿ ಕೇಳಿ ಕೇಳಿ ಅಕ್ಕ ಒಂದು ದಿನ ಅಂದಳು, "ಪುಟ್ಟೀ, ನನ್ನನ್ನೂ ಸೇರಿಸ್ಕೊಳ್ಳೆ. ಮಧ್ಯಾಹ್ನ ಊಟ ಆದ್ಮೇಲೆ ನಂಗೇನು ಕೆಲಸ?"

"ನಿಂಗೆ ಏನೂ ಅರ್ಥ ಆಗಲ್ವಲ್ಲೇ ಅಕ್ಕ."

"ನೀನು ಪಾಠ ಮಾಡೋದು ನಾನು ಒಂದಿನಾನಾದ್ರೂ ನೋಡಿದೀನೇನೆ? ಓದ್ಸಿದೋಳು ನಾನು."

ಅತ್ತೆ ಹಾಜರಿ ಪುಸ್ತಕ ತೆಗೆದು ಹನ್ನೆರಡನೆಯ ಸಾಲಿನಲ್ಲಿ 'ಅಕ್ಕ' ಎಂದು ಬರೆದರು.

ಅಕ್ಕನ ಮಗಳು ಫೋನನ್ನು ಸಕ್ಕರೆ ಡಬ್ಬಕ್ಕೆ ಒರಗಿಸಿ ಕೊಡುತ್ತಿದ್ದಳು. ಹೆಸರು ಕರೆದಾಗ ಅಕ್ಕ ಮಂಡಿ ಹಿಡಿದುಕೊಂಡು ಎದ್ದು, "ಪ್ರೆಸೆಂಟ್ ಟೀಚರ್" ಅನ್ನುವಳು. ಅವಳಿಗೆ ಬರುತ್ತಿದ್ದ ಇಂಗ್ಲಿಷ್ ಅಷ್ಟೇ. ನಂತರ ಎಲ್ಲರ ಹಾಗೆ ಕಿಟಕಿಗೆ ಹೋಗಿ ಬಂದು, ಕಂಡದ್ದನ್ನು ಕನ್ನಡದಲ್ಲಿ ಹೇಳುವಳು. ಅದನ್ನು ಇಂಗ್ಲಿಷಿಗೆ ತರುವುದು ಉಳಿದವರ ಅಭ್ಯಾಸ. ಎದುರು ಮನೆಯ ಸಂಪಿಗೆ ಮರದ ಕೊಂಬೆ ಕಡಿದರು ಎಂದು ಅವಳು ಹೇಳಿದ ದಿನ ಕಜಾಕಿಸ್ತಾನದಲ್ಲಿ ದೊಡ್ಡ ಚರ್ಚೆಯೇ ನಡೆಯಿತು. ಯಾಕೆ ಕಡಿದರು? ಅನುಮತಿ ಇತ್ತೇ? ಹಕ್ಕಿಗಳು ಎಲ್ಲಿ ಹೋದವು? ತಿಮುರ್ ಮೂರು ದಿನ ಬಿಡದೆ ಮರದ ಆರೋಗ್ಯ ವಿಚಾರಿಸಿದ. ಚಿಗುರು ಬಂದ ದಿನ ಅಕ್ಕ ಕಿಟಕಿಯಿಂದ ಓಡಿಬಂದಳು. ಎಷ್ಟು ಚೆನ್ನಾಗಿ ಹೇಳಿದರೂ ತಂಗಿ ಅವಳಿಗೆ ಕೊಡುತ್ತಿದ್ದದ್ದು ಒಂಬತ್ತೂವರೆಯೇ.

"ಒಂದರ್ಧ ಕೊಟ್ರೆ ನಿನ್ ಗಂಟೇನು ಹೋಗತ್ತೆ?"

"ನಾಳೆ ಬಾ, ನೋಡೋಣ."

ಮರುವರ್ಷ, ನಮ್ಮೂರಿನ ಬೇಸಿಗೆಯೂ ಅವರ ವಸಂತವೂ ಬಂದಾಗ, ಪರೀಕ್ಷೆಗೆ ಇನ್ನು ಮೂರು ವಾರ ಇರುವಾಗ, ಬೆಂಗಳೂರಿಗೆ ಹೋಗುವ ವಿಶೇಷ ವಿಮಾನವೊಂದರಲ್ಲಿ ಅತ್ತೆಗೆ ಸೀಟು ಸಿಕ್ಕಿತು. ವರ್ಷಕ್ಕೂ ಹೆಚ್ಚು ಕಾಲ ಬಾಗಿಲ ಪಕ್ಕ ಕಾದಿದ್ದ ಸೂಟ್‌ಕೇಸನ್ನು ನಾನು ಒರೆಸಿಟ್ಟೆ. ಅತ್ತೆ ಅದನ್ನು ನೋಡಿದರು, ಹಾಜರಿ ಪುಸ್ತಕವನ್ನು ನೋಡಿದರು, ಅಕ್ಕನಿಗೆ ಫೋನ್ ಮಾಡಿದರು. ಊರಲ್ಲಿ ಹದಿನಾಲ್ಕು ದಿನ ಕ್ವಾರಂಟೈನ್, ಹೋಟೆಲಿನಲ್ಲಿ ನೆಟ್‌ವರ್ಕ್ ಹೇಗೋ ಏನೋ, ಪಾಠ ನಿಂತುಹೋದರೆ?

"ಮಕ್ಕಳ ಪರೀಕ್ಷೆ ಮುಗಿಸ್ಕೊಂಡೇ ಬಾರೆ" ಅಂದಳು ಅಕ್ಕ. "ಈಗ ಬಂದು ನನ್ ಮುಖ ನೋಡಿ ಏನ್ಮಾಡ್ತೀಯ, ದಿನಾ ನೋಡ್ತಿದೀಯಲ್ಲ. ನಾನೆಲ್ಲಿ ಹೋಗ್ತೀನಿ?"

ಅತ್ತೆ ಸೀಟು ಬಿಟ್ಟುಕೊಟ್ಟರು.

ಹದಿನೈದು ದಿನಗಳಲ್ಲಿ ಊರಿನಲ್ಲಿ ಎರಡನೆಯ ಅಲೆ ಎದ್ದಿತು. ಒಂದು ಶನಿವಾರ ಅಕ್ಕನ ಮಗಳು ನನಗೆ ಮಾತ್ರ ಫೋನ್ ಮಾಡಿದಳು. "ಅಮ್ಮನ್ನ ಆಸ್ಪತ್ರೆಗೆ ಸೇರಿಸಿದೀವಿ. ಚಿಕ್ಕಮ್ಮಂಗೆ ಹೇಳ್ಬೇಡಿ. ಬಿಪಿ ಅವ್ರಿಗೆ. ಕೇಳಿದ್ರೂ ಬರೋಕಾಗಲ್ಲ, ಸುಮ್ನೆ ಒದ್ದಾಡ್ತಾರೆ." ದೂರದಲ್ಲಿರುವ ಹಿರಿಯರಿಗೆ ಕೆಟ್ಟ ಸುದ್ದಿ ಮುಟ್ಟಿಸಬಾರದು ಎನ್ನುವುದು ನಮ್ಮ ಮನೆಗಳಲ್ಲಿ ಯಾರೂ ಬರೆದಿಡದ ಕಾನೂನು. ನಮ್ಮ ಮನೆಯವರೂ ಹೂಂ ಅಂದರು. ಅಂದವರು ಆಫೀಸ್ ಕಾಲ್ ಇದೆ ಎಂದು ರೂಮು ಸೇರಿ ಬಾಗಿಲು ಹಾಕಿಕೊಂಡರು. ಸುಳ್ಳು ಹೇಳುವ ಪಾಳಿ ನನ್ನದಾಯಿತು.

"ಅಕ್ಕ ಯಾಕೆ ಫೋನ್ ತೆಗೀತಿಲ್ಲ?"

"ಅವರ ಫೋನು ರಿಪೇರಿಗೆ ಕೊಟ್ಟಿದ್ದಾರಂತೆ ಅತ್ತೆ." ನಾನು ಕಿಟಕಿಯ ಕಡೆ ನೋಡಲಿಲ್ಲ. ಒಲೆಯ ಕಡೆ ನೋಡುತ್ತಾ ಹೇಳಿದೆ. ಕಿವಿ ಸುಡುತ್ತಿತ್ತು, ಕೂದಲು ಮುಂದಕ್ಕೆ ಎಳೆದುಕೊಂಡೆ.

ಬುಧವಾರ ಬೆಳಗಿನ ಜಾವ ಅಕ್ಕ ಹೋದಳೆಂದು ಸುದ್ದಿ ಬಂತು. ಮಕ್ಕಳ ಪರೀಕ್ಷೆ ಶುಕ್ರವಾರ. "ಶುಕ್ರವಾರ ಆಗ್ಲಿ, ಆಮೇಲೆ ನಾನೇ ಹೇಳ್ತೀನಿ" ಎಂದು ನಮ್ಮ ಮನೆಯವರು ಗೋಡೆಯ ಕಡೆ ತಿರುಗಿ ಕೂತರು. ಸಾವಿನ ಸುದ್ದಿ ಕೇಳಿದರೆ ತಲೆಗೆ ನೀರು ಹಾಕಿಕೊಳ್ಳುವುದು ನಮ್ಮಲ್ಲಿ ಪದ್ಧತಿ. ಸದ್ದು ಮಾಡದೆ ಇಬ್ಬರೂ ಒಬ್ಬರಾದ ಮೇಲೆ ಒಬ್ಬರು ಸ್ನಾನ ಮಾಡಿದೆವು. ನಾನು ಒದ್ದೆ ತಲೆಗೆ ಟವೆಲ್ ಸುತ್ತಿ ಹೊರಗೆ ಬರುವಷ್ಟರಲ್ಲಿ ಅತ್ತೆ ಕಾಫಿ ಲೋಟ ಹಿಡಿದು ಎದುರಿಗೇ ನಿಂತಿದ್ದರು.

"ಇವತ್ತು ಶುಕ್ರವಾರ ಅಲ್ವಲ್ಲ, ತಲೆಗೆ ಯಾಕೆ ನೀರು ಹಾಕ್ಕೊಂಡೆ?"

"ಕಸ ಹಾಕೋಕೆ ಕೆಳಗೆ ಹೋಗಿದ್ದೆ ಅತ್ತೆ. ಮಳೆಯಲ್ಲಿ ನೆಂದುಬಿಟ್ಟೆ."

ಅವರು ಮೆಲ್ಲಗೆ ಕಿಟಕಿಯ ಹತ್ತಿರ ಹೋದರು. ಹೊರಗೆ ಒಳ್ಳೆಯ ಬಿಸಿಲು. ರಸ್ತೆಯ ಮೇಲೆ ಒಂದು ಹನಿ ನೀರಿಲ್ಲ. ತಿರುಗಿ ನನ್ನ ಕಿವಿಯನ್ನು ಒಮ್ಮೆ ನೋಡಿದರು, ಅಷ್ಟೇ.

ಮಧ್ಯಾಹ್ನ ನಿಜವಾಗಿಯೂ ಮಳೆ ಬಂತು. ಎದುರಿನ ರೈಲು ಕಾಣದಷ್ಟು ಮಳೆ. ಮೂರೂವರೆಗೆ ಬಚ್ಚಲುಮನೆಯಲ್ಲಿ ನೀರಿನ ಸದ್ದು. ಬೆಳಗ್ಗೆ ಐದಕ್ಕೇ ಸ್ನಾನ ಮುಗಿಸುವ ನಮ್ಮತ್ತೆ, ಕೂದಲ ತುದಿಯಿಂದ ನೀರು ತೊಟ್ಟಿಕ್ಕುತ್ತಾ, ಇಸ್ತ್ರಿ ಇಲ್ಲದ ಹತ್ತಿ ಸೀರೆ ಉಟ್ಟು ಬಂದು ಲ್ಯಾಪ್‌ಟಾಪಿನ ಮುಂದೆ ಕೂತರು.

"ಈ ಹೊತ್ತಲ್ಲಿ ಸ್ನಾನ...?" ನನ್ನ ಬಾಯಿಂದ ಅಷ್ಟೇ ಹೊರಟಿತು.

"ಸೆಖೆ ಕಣಮ್ಮ" ಅಂದರು. ಕಿಟಕಿಯ ಗಾಜಿನ ಮೇಲೆ ಮಳೆ ಹರಿಯುತ್ತಿತ್ತು.

ಹೆಸರು ಕರೆದರು. ಹನ್ನೊಂದು ಹೊಟ್ಟೆಗಳು ಎದ್ದವು, ಕೂತವು. ಹನ್ನೆರಡನೆಯ ಹೆಸರಿಗೆ ಬಂದಾಗ ಅವರು ಓದಲಿಲ್ಲ. ತಿಮುರ್ ಎದ್ದು ನಿಂತು, ನಾಲ್ಕು ದಿನದಿಂದ ಸಂಪಿಗೆ ಮರದ ಸುದ್ದಿಯಿಲ್ಲ, ಅಕ್ಕ ಎಲ್ಲಿ ಎಂದು ಕೇಳಿದ. ಎ, ದಿ ಎಲ್ಲವೂ ಅವುಗಳ ಜಾಗದಲ್ಲೇ ಇದ್ದವು.

"ಅವಳ ಫೋನು ರಿಪೇರಿಗೆ ಹೋಗಿದೆ" ಎಂದು ನಮ್ಮತ್ತೆ ಇಂಗ್ಲಿಷಿನಲ್ಲಿ ಹೇಳಿದರು. "ತಡವಾಗಬಹುದು. ಶುಕ್ರವಾರ ಚೆನ್ನಾಗಿ ಮಾಡಿ ಎಂದು ಹೇಳಿದ್ದಾಳೆ."

ನಾನು ಅಡುಗೆಮನೆಗೆ ಹೋಗಿ ಸಿಂಕಿನ ನಲ್ಲಿ ತಿರುಗಿಸಿ ನಿಂತೆ. ಒಂದು ಗಂಟೆ ಪಾಠ ನಡೆಯಿತು. ಗುರುವಾರವೂ ನಡೆಯಿತು.

ಶುಕ್ರವಾರ ಸಂಜೆ ಗುಲ್ನಾರಾ ಮೆಟ್ಟಿಲಲ್ಲೇ ಕೂಗುತ್ತಾ ಇಳಿದಳು. ಒಂಬತ್ತು ಜನ ಪಾಸು. "ಉಳಿದ ಇಬ್ಬರು ಯಾರು?" ಎಂದು ಅತ್ತೆ ಮೊದಲು ಕೇಳಿದರು. ಆ ಇಬ್ಬರಿಗೆ ಮುಂದೆ ಎರಡು ತಿಂಗಳು ಪಾಠ ಮಾಡಿದರು. ಅಂದು ಅವಳು ಹೋದ ಮೇಲೆ ನಮ್ಮ ಮನೆಯವರು ರೂಮಿನಿಂದ ಹೊರಬಂದು, ಅಮ್ಮನ ಕಾಲ ಬಳಿ ಕೂತು, "ಅಮ್ಮಾ, ಒಂದು ವಿಷಯ..." ಅಂದರು.

"ಗೊತ್ತು ಬಿಡೋ" ಎಂದು ಅತ್ತೆ ಮಗನ ತಲೆ ಮೇಲೆ ಕೈಯಿಟ್ಟರು.

ಹೇಗೆ ಗೊತ್ತಾಯಿತು? ಎಲ್ಲರ ಬಾಯಿಗೂ ಬೀಗ ಹಾಕಿದ್ದೆವು, ಆ ಪಕ್ಕದ ಮನೆಯಾಕೆಯನ್ನು ಮರೆತಿದ್ದೆವು. ಬುಧವಾರ ಮಧ್ಯಾಹ್ನ ಅವಳು ಅಕ್ಕನ ಫೋಟೊಗೆ ಹಾರ ಹಾಕಿ ಸ್ಟೇಟಸ್ಸಿನಲ್ಲಿಟ್ಟಿದ್ದಳು. ಕೆಳಗೆ ಎರಡು ಸಾಲು ಇಂಗ್ಲಿಷ್, ಅದರಲ್ಲಿ ಮೂರು ತಪ್ಪು. ಅತ್ತೆ ತಿದ್ದಿ ಕಳಿಸಿರಲಿಲ್ಲ. ಈ ಸಲ ಅವರೇ ಅವಳಿಗೊಂದು ಗುಲಾಬಿ ಕಳಿಸಿದ್ದರು.

ಕೊನೆಗೂ ವಿಮಾನ ಹತ್ತಿ ಅತ್ತೆ ಮೈಸೂರಿಗೆ ಹೋದರು. ಹಾಜರಿ ಪುಸ್ತಕ ಅಕ್ಕಿ ಡಬ್ಬದ ಹಿಂದೆ ಉಳಿದಿತ್ತು. ಮರೆತರೋ ಬಿಟ್ಟುಹೋದರೋ ತಿಳಿಯದು. ತೆರೆದು ನೋಡಿದೆ. ಅಕ್ಕನ ಸಾಲಿನಲ್ಲಿ ದಿನವೂ ಒಂಬತ್ತೂವರೆ, ಒಂಬತ್ತೂವರೆ. ಆಮೇಲೆ ನಾಲ್ಕು ಮನೆ ಖಾಲಿ. ಆ ಬುಧವಾರದ ಮನೆಯಲ್ಲಿ ಗೈರುಹಾಜರಿಯ ಗುರುತು ಇರಲಿಲ್ಲ. ಅರ್ಧ ಅಂಕ ಇತ್ತು. ಅಷ್ಟು ದಿನ ಹಿಡಿದಿಟ್ಟುಕೊಂಡದ್ದು.

ಅದರ ಕೆಳಗೆ, ನಾನು ಎಂದೂ ನೋಡಿರದ ಹದಿಮೂರನೆಯ ಸಾಲು. ನನ್ನ ಹೆಸರು. ಅದೇ ಬುಧವಾರದ ತಾರೀಕಿಗೆ ಸಣ್ಣ ಅಕ್ಷರದಲ್ಲಿ 'ಮಳೆಯಲ್ಲಿ ನೆಂದುಬಿಟ್ಟೆ' ಎಂದು ಬರೆದು, ಪಕ್ಕದಲ್ಲಿ ಕೆಂಪು ಶಾಯಿಯ ಅಂಕ. ಸುಳ್ಳು ವಾಕ್ಯಕ್ಕೆ ಸೊನ್ನೆ ಎಂಬ ನಿಯಮ ನನಗೇನು ಗೊತ್ತಿಲ್ಲವೇ? ಕಣ್ಣೊರೆಸಿಕೊಂಡು ಮತ್ತೆ ನೋಡಿದೆ. ಒಂಬತ್ತೂವರೆ.

ಆ ಅರ್ಧ ಅಂಕ ಇನ್ನೂ ಅವರ ಹತ್ತಿರವೇ ಇದೆ. ಅದನ್ನು ಕೇಳುವುದಕ್ಕೆಂದೇ ನಾನು ಈಗಲೂ ದಿನಾ ನಾಲ್ಕು ಗಂಟೆಗೆ ಕಿಟಕಿಯಿಂದ ಹೊರಗೆ ನೋಡಿ, ಮೈಸೂರಿಗೆ ಫೋನ್ ಮಾಡುತ್ತೇನೆ. ಅವರು ಪೂರ್ತಿ ಕೇಳಿಸಿಕೊಂಡು, "ನಾಳೆ ಮಾಡು, ನೋಡೋಣ" ಅನ್ನುತ್ತಾರೆ.